ಕಾಲಂ ಏಳು

ಮಾರ್ಚ್ ಕೊನಿ ವಾರ. ಸ್ಟಾಫ್‌ರೂಮಿನ ಫ್ಯಾನು
ತಿರಗೂದಕ್ಕಿಂತ ಹೆಚ್ಚು ಮಾತಾಡತೈತಿ.
ನನ್ನ ಮುಂದ ಮೂವತ್ತೆಂಟು ಹುಡಿಗ್ಯಾರ ಪ್ರಗತಿಪತ್ರ.
ಎತ್ತರ, ತೂಕ, ಹಲ್ಲು, ಕಣ್ಣು
ಇವನ್ನ ಟೇಪು ಹೇಳತೈತಿ, ತಕ್ಕಡಿ ಹೇಳತೈತಿ.
ಕಾಲಂ ಏಳು: ಸಾಮಾಜಿಕ ಹೊಂದಾಣಿಕೆ.
ಎ, ಬಿ, ಸಿ, ಯಾವುದಕ್ಕರ ಒಂದಕ್ಕ ಸುತ್ತು ಹಾಕಬೇಕು.

ಚಂಪಾ ಲಮಾಣಿ ಹೆಸರಿಗೆ ಬಂದು ಪೆನ್ನು ನಿಂತತು.

ಜೂನದಾಗ ವಾಸ್ಕೋದಿಂದ ಬಂದಾಕಿ.
ಅಪ್ಪ ಅವ್ವ ಇನ್ನೂ ಅಲ್ಲೇ, ಗಿಲಾಯಿ ಕೆಲಸದಾಗ;
ಈಕಿ ಬೆಟಗೇರಿಯೊಳಗ ಸೋದರತ್ತಿ ಮನ್ಯಾಗ.
ಮಾತಿನ್ಯಾಗ ಅರ್ಧ ಕೊಂಕಣಿ, ಕಾಲು ಹಿಂದಿ,
ಉಳಿದ ಕಾಲಿನ್ಯಾಗ ತಾಂಡಾದ್ದಕ್ಕೂ ನಮ್ಮದಕ್ಕೂ ಜಗಳ.
"ಅಕ್ಕೋರ, ನೀರು ಪಿವ್ನ ಬರ್ತೀನಿ" ಅಂದ ದಿವಸ
ಇಡೀ ಸಾಲಿ ನಕ್ಕತು. ಮಗ್ಗದ ಓಣಿಯ ನಗಿ,
ಲಾಳಿ ಇದ್ದಂಗ, ಈ ಕಡೆಯಿಂದ ಹೋಗಿ ಆ ಕಡೆಯಿಂದ ಬರತಿತ್ತು.
ಆಮ್ಯಾಲೆ ಆಕಿ ನೀರನ್ನೂ ಕೇಳಲಿಲ್ಲ.

ಕಬಡ್ಡಿಗೆ ನಿಲ್ಲಿಸಿದೆ. ಆಕಿ ಕೈ ಹಿಡಿಯಾಕ ಒಬ್ಬರೂ ಬರಲಿಲ್ಲ.
ಯಾಕ ಅಂತ ನಾ ಕೇಳಲಿಲ್ಲ.
ಕೇಳಿದ್ರ ಹೇಳಿಗೀಳ್ಯಾರು ಅಂತ ಅಂಜಿಕಿ.

ಮರುದಿವಸ ಸುಣ್ಣ ಹೊಡದು ಖೋ-ಖೋಗೆ ಕುಂದ್ರಿಸಿದೆ.
ಎಂಟು ಮಂದಿ. ಒಬ್ಬಾಕಿ ಮಾರಿ ಈ ಕಡೆ, ಒಬ್ಬಾಕಿದು ಆ ಕಡೆ,
ಜಗಳಾಡಿದ ಅಕ್ಕತಂಗ್ಯಾರು ಒಂದ ಗೆರಿ ಮ್ಯಾಲೆ ಕುಂತಂಗ.
ಚಂಪಾ ಐದನೇ ಚೌಕದಾಗ,
ಕಪ್ಪತಗುಡ್ಡದ ಗಾಳಿಪಂಕಾ ಎಣಿಸಾಕತ್ತಿದ್ದಳು.

ಬೆನ್ನಟ್ಟಾಕಿ ಭಾರತಿ ಬಾಕಳೆ.
ಹತ್ತರ ಇದ್ದ ಬೆನ್ನು ಚಂಪಾಂದ ಒಂದು.
ಒಮ್ಮೆ ದಾಟಿ ಹೋದಳು. ಇನ್ನೊಮ್ಮೆ ದಾಟಿ ಹೋದಳು.
ಮೂರನೇ ಸಲ ಬೆರಳ ತುದಿಲೆ ಮುಟ್ಟಿದಳು,
ರೊಟ್ಟಿ ಹಂಚು ಮುಟ್ಟಿದಂಗ. ಬಾಯಿ ತೆಗೀಲಿಲ್ಲ.
ಚಂಪಾ ಏಳಲಿಲ್ಲ.

ಸೀಟಿ ಊದಿದೆ. ಫೌಲ್.
"ಬರೇ ಮುಟ್ಟಿದ್ರ ಆಗಂಗಿಲ್ಲ, ಕರೀಬೇಕು.
ಬರೇ ಕರದ್ರ ಆಗಂಗಿಲ್ಲ, ಮುಟ್ಟಬೇಕು."
ಇಪ್ಪತ್ತೊಂದು ವರ್ಷ ಹೇಳಿದ ನಿಯಮ.
ಅವತ್ತ ಮೊದಲ ಸಲ ನನ್ನ ಕಿವಿಗೆ ಬಿತ್ತು.

ಭಾರತಿ ಕಂಬ ಸುತ್ತಿ ಬಂದಳು, ಮಾರಿ ಕೆಂಪಗ.
ಹೊಡದಳು ನೋಡ್ರಿ, ಖೋ!
ಆಟದ ಪೆಟ್ಟೋ ಸಿಟ್ಟಿನ ಪೆಟ್ಟೋ ಇವತ್ತಿಗೂ ತಿಳೀವಲ್ದು.
ಬಿಳಿ ಅಂಗಿ ಮ್ಯಾಲೆ ಐದೂ ಬೆರಳಿನ ಎರಿಮಣ್ಣು.
ಚಂಪಾ ಎದ್ದಳು.
ಕಟ್ಟಡದ ಹಲಗಿ ಮ್ಯಾಲೆ ನಡದು ಬೆಳದ ಕಾಲು,
ಗೆರಿ ತುಳೀಲಿಲ್ಲ, ಜಾರಲಿಲ್ಲ.
ರೇಷ್ಮಾ ನದಾಫ ನಾಕ ಹೆಜ್ಜಿಗೆ ಔಟ್.
ಮುಂದಿನ ಬೆನ್ನಿಗೆ ಆಕಿನೂ ಕೂಗಿದಳು, ಖೋ!
ಆ ಶಬ್ದಕ್ಕ ಯಾರೂ ನಗಲಿಲ್ಲ.
ಅದು ಕೊಂಕಣಿ ಅಲ್ಲ, ಕನ್ನಡ ಅಲ್ಲ, ಉಸರು.

ಇಲ್ಲಿಗೆ ಮುಗದಿದ್ರ ಎ ಬರದು ಮನಿಗೆ ಹೋಗತಿದ್ದೆ.
ಊಟದ ಹೊತ್ತಿನ್ಯಾಗ ಆಕಿ ತಾಟು ಇನ್ನೂ ಒಂದು ಮಾರು ದೂರ.
ಮುಂಡರಗಿಯೊಳಗ ಒಂದ ಪಾಯಿಂಟಿಗೆ ಸೋತು ಬರೂ ಮುಂದ
ಟೆಂಪೋದಾಗ ಭಾರತಿ ತಲಿ ನಿದ್ದಿಗಣ್ಣಾಗ ಆಕಿ ಹೆಗಲಿಗೆ ಜೋತತು.
ಊರು ಬರೂತನಕ ಚಂಪಾ ಆ ಹೆಗಲು ಅಳ್ಳಾಡಿಸಲಿಲ್ಲ.
ಇಳದ ಮ್ಯಾಲೆ ಇಬ್ಬರೂ ಮಾತಾಡಲೂ ಇಲ್ಲ.
ಇದು ಎ ಏನು, ಬಿ ಏನು?

ಕೆಳಗಿನ ಪತ್ರ ನೀಲವ್ವ ಅಂಗಡೀದು.
ಉಬ್ಬಸದ ಹುಡಿಗಿ, ಓಡಂಗಿಲ್ಲ.
ಬೇವಿನ ಬುಡಕ್ಕ ಕುಂತು ಸ್ಕೋರ್ ಬರಿಯಾಕಿ.
ಮೂರು ವರ್ಷದಿಂದ ಕಾಲಂ ಏಳರಾಗ ನನ್ನ ಕೈಯಾರೆ: ಎ, ಎ, ಎ.
ಗದ್ದಲ ಮಾಡಂಗಿಲ್ಲಲ್ಲ, ಅದಕ್ಕ.
ಆಕಿ ದೋಸ್ತಿ ಯಾರು? ನೆನಪಿಸಿಕೊಂಡೆ.
ಫ್ಯಾನು ತಿರಗತಿತ್ತು.
ಒಂದು ಹೆಸರೂ ಬರಲಿಲ್ಲ.

ಕಿಟಕ್ಯಾಗ ಬೇವು, ಬೇವಿನ ಬುಡಕ್ಕ
ನಮ್ಮ ಕಡೆ ಬೆನ್ನು ಮಾಡಿ ಕುಂತ ಎರಡು ಜಡಿ.

ಕಾಲಂ ಏಳು, ಅಂತ ಇನ್ನೊಮ್ಮೆ ಓದಿದೆ.
ಎದ್ದೆ.